ನಿವೃತ್ತಿಯ ನಂತರ ಗಂಡಸರಿಗೊಂದು ಹವ್ಯಾಸ: ಆರಿಸುವುದು ಹೇಗೆ, ಶುರು ಮಾಡುವುದು ಹೇಗೆ

"ಅರವತ್ತು ದಾಟಿತು, ಕೆಲಸ ಬಿಟ್ಟೆ, ಹೊತ್ತೇ ಹೋಗುತ್ತಿಲ್ಲ. ಏನಾದರೂ ಹವ್ಯಾಸ ಹೇಳಿ." ಈ ಪ್ರಶ್ನೆ ಪದೇ ಪದೇ ಬರುತ್ತದೆ. ನಿಜ ಹೇಳಬೇಕೆಂದರೆ ಇದನ್ನು ಗಂಡಸರಿಗಿಂತ ಜಾಸ್ತಿ ಅವರ ಹೆಂಡತಿಯರು, ಮಕ್ಕಳು ಕೇಳುತ್ತಾರೆ. "ಅಪ್ಪ ಬೆಳಗ್ಗೆಯಿಂದ ರಾತ್ರಿವರೆಗೂ ಟಿವಿ ಮುಂದೆ, ಇಲ್ಲಾಂದ್ರೆ ಮೊಬೈಲ್ ಹಿಡಿದುಕೊಂಡು. ಏನು ಮಾಡೋದು?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಕೊಡುವ ಬದಲು ಎಲ್ಲವನ್ನೂ ಇಲ್ಲಿ ಒಂದೇ ಕಡೆ ಬರೆದಿದ್ದೇನೆ.

"ಹಿರಿಯರಿಗೆ 50 ಹವ್ಯಾಸಗಳು" ಎನ್ನುವಂಥ ಪಟ್ಟಿಗಳು ಬೇಕಾದಷ್ಟಿವೆ. ನನಗೆ ಅವುಗಳ ಮೇಲೆ ಅಷ್ಟೇನೂ ನಂಬಿಕೆಯಿಲ್ಲ. ಪಟ್ಟಿ ನೋಡಿ ಆರಿಸಿದ ಹವ್ಯಾಸ ತಿಂಗಳೊಪ್ಪತ್ತಿನಲ್ಲಿ ಮೂಲೆ ಸೇರುತ್ತದೆ. ಕೆಲಸ ಬಿಟ್ಟಾಗ ನಿಮ್ಮ ಕೈಯಿಂದ ಏನು ತಪ್ಪಿಹೋಯಿತು ಎಂದು ಮೊದಲು ನೋಡಿಕೊಂಡು, ಅದನ್ನು ತುಂಬುವಂಥದ್ದನ್ನು ಆರಿಸಿದರೆ ಅದು ನಿಲ್ಲುತ್ತದೆ. ಕೆಳಗಿನ ಹಂತಗಳೆಲ್ಲ ಇದೇ ಲೆಕ್ಕಾಚಾರದ ಮೇಲೆ ನಿಂತಿವೆ.

ಹವ್ಯಾಸದಿಂದ ನಿಜವಾಗಿಯೂ ಉಪಯೋಗವಿದೆಯೇ ಎಂದು ಕೇಳುವವರಿಗೆ ಒಂದು ಮಾಹಿತಿ. 16 ದೇಶಗಳಲ್ಲಿ 65 ದಾಟಿದ 93 ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ನೋಡಿದ ಅಧ್ಯಯನವೊಂದು 2023ರಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಬಂತು. ಹವ್ಯಾಸ ಇಟ್ಟುಕೊಂಡವರಲ್ಲಿ ಖಿನ್ನತೆಯ ಲಕ್ಷಣಗಳು ಕಡಿಮೆ, ಬದುಕಿನ ಬಗ್ಗೆ ತೃಪ್ತಿ ಜಾಸ್ತಿ ಇತ್ತು. ಹವ್ಯಾಸದಿಂದಲೇ ಹೀಗಾಯಿತು ಎಂದು ಅಷ್ಟರಿಂದ ತೀರ್ಮಾನಿಸಲು ಬರುವುದಿಲ್ಲ. ಮೊದಲೇ ಗಟ್ಟಿಮುಟ್ಟಾಗಿ ಇದ್ದವರು ಹವ್ಯಾಸ ಹಚ್ಚಿಕೊಂಡಿರಲೂಬಹುದು, ಅಲ್ವಾ? ಆದರೂ ಕಳೆದುಕೊಳ್ಳುವಂಥದ್ದೇನೂ ಇಲ್ಲ.

ಶುರು ಮಾಡುವ ಮೊದಲು ಬೇಕಾದದ್ದು

ಒಂದು ನೋಟ್‌ಬುಕ್, ಒಂದು ಪೆನ್ಸಿಲ್. ದಿನದಲ್ಲಿ ನಿಗದಿಯಾದ ಒಂದು ಹೊತ್ತು. ಮನೆಯಲ್ಲಿ ನಿಮ್ಮದೇ ಅನ್ನಿಸುವ ಒಂದು ಮೂಲೆ ಅಥವಾ ಮೇಜು. ಇತ್ತೀಚೆಗೆ ಕಣ್ಣು ತೋರಿಸಿ ಮಾಡಿಸಿದ ಕನ್ನಡಕ. ಇಷ್ಟೇ. ಸಾಮಾನು ಕೊಳ್ಳುವುದು ಈಗ ಬೇಡ, ಅದಕ್ಕೆ ನಾಲ್ಕನೇ ಹಂತದವರೆಗೆ ಕಾಯಿರಿ.

ಆ ಮೂಲೆಯ ವಿಷಯ ಮನೆಯವರೊಂದಿಗೆ ಮಾತಾಡಿಯೇ ತೀರ್ಮಾನಿಸಿ. ಊಟದ ಮೇಜಿನ ಮೇಲೆ ಮರದ ಪುಡಿ ಹರಡಿದರೆ ಹವ್ಯಾಸಕ್ಕೆ ಮೊದಲ ವಾರವೇ ಶತ್ರುಗಳು ಹುಟ್ಟಿಕೊಳ್ಳುತ್ತಾರೆ.

ಹಂತ 1: ಏನು ಹೋಯಿತು ಎಂದು ಬರೆಯಿರಿ

ಕೆಲಸದಲ್ಲಿದ್ದಾಗ ಸಿಗುತ್ತಿದ್ದು ಈಗ ಸಿಗದಿರುವುದು ಏನು? ಸಂಬಳದ ಮಾತು ಬಿಡಿ. ಕೆಲವರಿಗೆ ಹೋದದ್ದು ಜನ: ದಿನವೂ ಸಿಗುತ್ತಿದ್ದ ನಾಲ್ಕು ಮುಖಗಳು, ಚಹಾ ಹೊತ್ತಿನ ಹರಟೆ. ಕೆಲವರಿಗೆ ಹೋದದ್ದು ಕೈಕೆಲಸ. ಯಂತ್ರ ಬಿಚ್ಚಿ ಜೋಡಿಸುತ್ತಿದ್ದವರು, ಕಟ್ಟುತ್ತಿದ್ದವರು, ಓಡಾಡುತ್ತಿದ್ದವರು ಸುಮ್ನೆ ಕೂರಲು ಆಗದೆ ಚಡಪಡಿಸುತ್ತಾರೆ. ಇನ್ನು ಕೆಲವರಿಗೆ ತಲೆಗೆ ಕೆಲಸ ಕೊಡುವ ಸಮಸ್ಯೆಗಳೇ ಇಲ್ಲದಂತಾಗಿದೆ. ಮತ್ತೆ ಕೆಲವರು ನಲವತ್ತು ವರ್ಷ ಜನರ ನಡುವೆ ನಲುಗಿದವರು, ಅವರಿಗೆ ಬೇಕಾಗಿರುವುದೇ ಏಕಾಂತ.

ಇದರ ಜೊತೆಗೆ, ಹದಿನೈದನೇ ವಯಸ್ಸಿನಲ್ಲಿ ಗಂಟೆಗಟ್ಟಲೆ ಏನು ಮಾಡುತ್ತಿದ್ದಿರಿ ಎಂದೂ ಬರೆದುಕೊಳ್ಳಿ. ರೇಡಿಯೋ ಬಿಚ್ಚುತ್ತಿದ್ದಿರಾ, ಚಿತ್ರ ಬಿಡಿಸುತ್ತಿದ್ದಿರಾ, ಸುಮ್ನೆ ಅಲೆಯುತ್ತಿದ್ದಿರಾ? ಸಂಸಾರ, ಸಂಬಳದ ನಡುವೆ ಬಿಟ್ಟುಹೋದ ಆಸೆಗಳು ಬಹುಪಾಲು ಅಲ್ಲೇ ಇರುತ್ತವೆ.

ಎಚ್ಚರಿಕೆ: ಗೆಳೆಯ ಮಾಡುತ್ತಿದ್ದಾನೆ ಎಂಬ ಒಂದೇ ಕಾರಣಕ್ಕೆ ಏನನ್ನೂ ಆರಿಸಬೇಡಿ. ಅವನಿಗೆ ಬೇಕಾದದ್ದು ಏಕಾಂತ, ನಿಮಗೆ ಬೇಕಾದದ್ದು ಜನ ಆಗಿರಬಹುದು.

ಹಂತ 2: ದೇಹದ ಲೆಕ್ಕ ತೆಗೆಯಿರಿ

ಈ ಹಂತವನ್ನು ಹಾರಿಸಿಬಿಡುವವರೇ ಜಾಸ್ತಿ. ಕಣ್ಣು, ಕಿವಿ, ಕೈ, ಮಂಡಿ, ಬೆನ್ನು ಈಗ ಹೇಗಿವೆ ಎಂದು ಒಂದೊಂದು ಸಾಲು ಬರೆಯಿರಿ. ಮಂಡಿ ಬಗ್ಗದಿದ್ದರೆ ತೋಟದ ಕೆಲಸ ಬಿಡಬೇಕಾಗಿಲ್ಲ, ಮಣ್ಣನ್ನು ಸೊಂಟದ ಎತ್ತರಕ್ಕೆ ತಂದುಕೊಂಡರಾಯಿತು: ಗಟ್ಟಿ ಕಟ್ಟೆಯ ಮೇಲೆ ಕುಂಡ. ಬೆರಳಿನ ಕೀಲು ನೋಯುವವರಿಗೆ ಉಕ್ಕಿನ ತಂತಿಯ ಗಿಟಾರ್ ಕಷ್ಟ, ನೈಲಾನ್ ತಂತಿಯ ಯುಕುಲೇಲೆ (ಗಿಟಾರಿನಂಥದೇ ಪುಟ್ಟ ವಾದ್ಯ) ಅಥವಾ ಕೀಬೋರ್ಡ್ ಸುಲಭ. ಸಣ್ಣ ಅಕ್ಷರ, ಸಣ್ಣ ಭಾಗಗಳ ಕೆಲಸಕ್ಕೆ ಹಿಂದಿಗಿಂತ ಜಾಸ್ತಿ ಬೆಳಕು ಬೇಕೇ ಬೇಕು. ಕುತ್ತಿಗೆ ಬಗ್ಗುವ ಟೇಬಲ್ ಲ್ಯಾಂಪ್ ಒಂದು ಇಟ್ಟುಕೊಳ್ಳಿ.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ತಲೆಸುತ್ತು ಬರುತ್ತಿದ್ದರೆ, ಹೃದಯದ ತೊಂದರೆ ಇದ್ದರೆ ಚೂಪಾದ ಉಪಕರಣ, ಏಣಿ, ಬೆಟ್ಟ ಹತ್ತುವುದು ಇಂಥವಕ್ಕೆ ಕೈಹಾಕುವ ಮೊದಲು ನಿಮ್ಮ ವೈದ್ಯರನ್ನು ಒಂದು ಮಾತು ಕೇಳಿ.

ಹಂತ 3: ಒಂದನ್ನು ಆರಿಸಿ

ಮೊದಲ ಎರಡು ಹಂತದ ಉತ್ತರ ಕೈಯಲ್ಲಿದ್ದರೆ ಆಯ್ಕೆ ಅಷ್ಟೇನೂ ಕಷ್ಟವಲ್ಲ. ಕೆಲವನ್ನು ಕೊಂಚ ವಿವರವಾಗಿ ಹೇಳುತ್ತೇನೆ.

ಕೈಗೆ ಕೆಲಸ ಬೇಕಾದವರಿಗೆ ಮರದ ಕೆತ್ತನೆ. ಇದಕ್ಕೆ ವರ್ಕ್‌ಶಾಪ್ ಬೇಡ, ಕುರ್ಚಿ ಸಾಕು. ಒಂದು ಸಣ್ಣ ಕೆತ್ತನೆ ಚಾಕು, ಗಂಟಿಲ್ಲದ ಮೆತ್ತನೆಯ ಮರದ ತುಂಡು, ಚಾಕು ಹಿಡಿಯದ ಕೈಗೆ ಕಡಿತ ತಡೆಯುವ ಗ್ಲೌಸು. ಬಾಸ್‌ವುಡ್ ಎಂಬ ಮರ ಕಲಿಯುವವರಿಗೆ ಚೆನ್ನಾಗಿ ಒಗ್ಗುತ್ತದೆ. ಮೊದಲ ದಿನವೇ ಆನೆ, ದೇವರು ಎಂದು ಹೊರಡಬೇಡಿ. ಒಂದು ಮೊಟ್ಟೆ ಮಾಡಿ. ಚೌಕ ತುಂಡಿನ ನಾಲ್ಕು ಅಂಚು ಸವರಿದರೆ ಎಂಟು ಮುಖ ಆಗುತ್ತದೆ, ಆ ಅಂಚುಗಳನ್ನೂ ಸವರಿದರೆ ಹದಿನಾರು, ಆಮೇಲೆ ಅದು ತಾನಾಗಿಯೇ ದುಂಡಗಾಗುತ್ತಾ ಹೋಗುತ್ತದೆ.

ಇಲ್ಲಿ ತಿಳಿದಿರಬೇಕಾದ ಮುಖ್ಯ ವಿಷಯ ಮರದ ಎಳೆ, ಅಂದರೆ ಮರದೊಳಗೆ ಉದ್ದಕ್ಕೂ ಹರಿದಿರುವ ನಾರಿನ ದಿಕ್ಕು. ಚಾಕು ಎಳೆಯ ಜೊತೆ ಸಾಗಿದಾಗ ತೆಳ್ಳನೆಯ ಸುರುಳಿ ಎದ್ದುಬರುತ್ತದೆ, ಕೆಳಗೆ ಉಳಿದ ಮರ ಹೊಳೆಯುತ್ತದೆ. ಎಳೆಗೆ ಎದುರಾಗಿ ಹೋದರೆ ಚಾಕು ಒಳಗೆ ನುಗ್ಗುತ್ತದೆ, ಮರ ಸಿಬಿರು ಸಿಬಿರಾಗಿ ಕಿತ್ತುಬರುತ್ತದೆ. ಹಾಗಾದಾಗ ಬಲ ಹಾಕಬೇಡಿ, ತುಂಡನ್ನು ತಿರುಗಿಸಿ ಇನ್ನೊಂದು ಕಡೆಯಿಂದ ಕೆತ್ತಿ. ಚಾಕುವನ್ನು ತೋಳಿನ ಬಲದಿಂದ ತಳ್ಳುವುದೂ ತಪ್ಪು. ಮರ ಹಿಡಿದ ಕೈಯ ಹೆಬ್ಬೆರಳನ್ನು ಚಾಕುವಿನ ಬೆನ್ನಿಗೆ ಒತ್ತಿ, ಅದರಿಂದಲೇ ಮೆಲ್ಲಗೆ ತಳ್ಳಿ. ಹೀಗೆ ಮಾಡಿದರೆ ಚಾಕು ಒಂದೆರಡು ಸೆಂಟಿಮೀಟರ್‌ಗಿಂತ ಮುಂದೆ ಹಾರುವುದಿಲ್ಲ.

ಎಚ್ಚರಿಕೆಗಳು ಮೂರಿವೆ. ಮೊಂಡು ಚಾಕು ಚೂಪು ಚಾಕುವಿಗಿಂತ ಅಪಾಯ, ಏಕೆಂದರೆ ಅದಕ್ಕೆ ಜಾಸ್ತಿ ಬಲ ಬೇಕು, ಜಾರಿದರೆ ಆ ಬಲವೆಲ್ಲ ಕೈಗೆ ಬೀಳುತ್ತದೆ. ಗ್ಲೌಸು ಗೀರುವುದನ್ನು ತಡೆಯುತ್ತದೆ, ಮೊನೆ ಚುಚ್ಚುವುದನ್ನು ತಡೆಯುವುದಿಲ್ಲ. ತೊಡೆಯ ಮೇಲೆ ಮರ ಇಟ್ಟು ತೊಡೆಯ ಕಡೆಗೆ ಎಂದೂ ಕೆತ್ತಬೇಡಿ. ಉಪ್ಪು ಕಾಗದದಿಂದ ಉಜ್ಜುವಾಗ ಮೂಗಿಗೆ ಮಾಸ್ಕ್ ಇರಲಿ, ಮರದ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮೊದಲು 120 ನಂಬರಿನದು, ಆಮೇಲೆ 220. ನಂಬರು ದೊಡ್ಡದಾದಷ್ಟೂ ಕಾಗದ ನಯ. ಕೊನೆಯಲ್ಲಿ ಅಗಸೆ ಎಣ್ಣೆ ಬಳಿಯುವವರಿದ್ದಾರೆ. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ಎಣ್ಣೆ ಗಾಳಿಯ ಜೊತೆ ಸೇರಿ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿಕೊಂಡು ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹೊರಗೆ ಅಗಲವಾಗಿ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿಡಿ. (ಮೂರು ಎಂದು ಶುರು ಮಾಡಿ ಐದು ಹೇಳಿದೆ. ಚಾಕುವಿನ ವಿಷಯದಲ್ಲಿ ಜಾಸ್ತಿ ಹೇಳಿದರೂ ನಷ್ಟವಿಲ್ಲ.)

ಹೊರಗೆ ಹೋಗಬೇಕು, ಆದರೆ ಓಟ ಜಿಗಿತ ಆಗದು ಎನ್ನುವವರಿಗೆ ಪಕ್ಷಿ ವೀಕ್ಷಣೆ. ನಡಿಗೆಗೆ ಒಂದು ನೆಪವೂ ಸಿಗುತ್ತದೆ. "ವಾಕಿಂಗ್ ಹೋಗಿ" ಎಂದರೆ ಹೋಗದವರು ಹಕ್ಕಿ ಹುಡುಕಿಕೊಂಡು ಎರಡು ಗಂಟೆ ಅಲೆಯುತ್ತಾರೆ. ಮುಂಜಾನೆ ಹೋಗಿ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ, ಕಂಡದ್ದನ್ನು ಬರೆದಿಡಿ. ಮೆರ್ಲಿನ್ ಎಂಬ ಉಚಿತ ಆ್ಯಪ್ ಇದೆ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ವಿಭಾಗದ್ದು. ಕೂಗು ಕೇಳಿಸಿಕೊಂಡು ಯಾವ ಹಕ್ಕಿ ಎಂದು ಹೇಳುತ್ತದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಕೀರಲು ದನಿಗಳನ್ನು, ಸಣ್ಣ ಹಕ್ಕಿಗಳ ಕೂಗು ಬಹಳಷ್ಟು ಅಂಥದ್ದೇ. ನಿಮಗೆ ಕೇಳಿಸದ ಹಕ್ಕಿ ಆ್ಯಪಿಗೆ ಕೇಳಿಸುತ್ತದೆ! ಆದರೆ ಅದೂ ತಪ್ಪುತ್ತದೆ. ಕಣ್ಣಾರೆ ನೋಡಿದ ಮೇಲೆಯೇ ಪಟ್ಟಿಗೆ ಸೇರಿಸಿ.

ರಾತ್ರಿ ನಿದ್ದೆ ಬೇಗ ಬಾರದವರಿಗೆ ಆಕಾಶ. ಹಕ್ಕಿಗೆಂದು ತಂದ ಬೈನಾಕ್ಯುಲರ್ ಇದಕ್ಕೂ ಆಗುತ್ತದೆ, ಟೆಲಿಸ್ಕೋಪ್ ತಕ್ಷಣಕ್ಕೆ ಬೇಡ. ಚಂದ್ರನಿಂದ ಶುರು ಮಾಡಿ. ಹುಣ್ಣಿಮೆಯ ದಿನ ನೋಡಿದರೆ ನಿರಾಸೆಯಾಗುತ್ತದೆ, ಬೆಳಕು ನೇರವಾಗಿ ಬಿದ್ದು ಎಲ್ಲ ಚಪ್ಪಟೆಯಾಗಿ ಕಾಣುತ್ತದೆ. ಅರ್ಧಚಂದ್ರನಿರುವಾಗ ಬೆಳಕು ಮತ್ತು ಕತ್ತಲು ಸೇರುವ ಗೆರೆಯ ಉದ್ದಕ್ಕೂ ನೋಡಿ. ಅಲ್ಲಿ ಕುಳಿಗಳ ನೆರಳು ಉದ್ದವಾಗಿ ಬಿದ್ದು, ಅಂಚುಗಳು ಎದ್ದು ಕಾಣುತ್ತವೆ. ಆಮೇಲೆ ಗುರು ಗ್ರಹ. ಗೆಲಿಲಿಯೋ 1610ರಲ್ಲಿ ಕಂಡ ಅದರ ನಾಲ್ಕು ಚಂದ್ರರು ಬೈನಾಕ್ಯುಲರ್ ಅಲುಗದೆ ಇದ್ದರೆ ಸಣ್ಣ ಚುಕ್ಕಿಗಳಾಗಿ ಕಾಣುತ್ತವೆ. ದಿನವೂ ಅವು ಎಲ್ಲಿವೆ ಎಂದು ಚುಕ್ಕಿ ಹಾಕಿಟ್ಟರೆ, ಅವು ಗುರುವಿನ ಸುತ್ತ ತಿರುಗುತ್ತಿರುವುದು ನಿಮ್ಮ ನೋಟ್‌ಬುಕ್ಕಿನಲ್ಲೇ ಗೊತ್ತಾಗುತ್ತದೆ.

ನಿಂತು ತಲೆ ಹಿಂದಕ್ಕೆ ಬಾಗಿಸಿ ನೋಡಬೇಡಿ, ತಲೆ ತಿರುಗಿ ಬೀಳುವ ಸಾಧ್ಯತೆ ಇದೆ. ಒರಗು ಕುರ್ಚಿಯಲ್ಲಿ ಮಲಗಿದಂತೆ ಕೂತು ನೋಡಿ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು, ವಯಸ್ಸಾದಂತೆ ಇನ್ನೂ ನಿಧಾನ. ಮಧ್ಯೆ ಮೊಬೈಲ್ ನೋಡಿದರೆ ಮತ್ತೆ ಮೊದಲಿನಿಂದ ಶುರು. ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಳ್ಳಿ. ಮತ್ತು ಸೂರ್ಯನ ಕಡೆ ಬೈನಾಕ್ಯುಲರ್ ತಿರುಗಿಸಲೇಬೇಡಿ, ಕಣ್ಣು ಹೋಗುತ್ತದೆ.

ತಲೆಗೆ ಕೆಲಸ ಬೇಕಾದವರಿಗೆ ಚೆಸ್ ಇದ್ದೇ ಇದೆ. ವಿಕ್ಟರ್ ಕೊರ್ಚ್ನಾಯ್ ಎಂಬ ಆಟಗಾರ 2011ರಲ್ಲಿ ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ಚಾಂಪಿಯನ್ ಆದಾಗ ಅವರಿಗೆ 80. ಲಿಚೆಸ್ ಎಂಬ ತಾಣ ಪೂರ್ತಿ ಉಚಿತ, ಜಾಹೀರಾತೂ ಇಲ್ಲ. ಮೂರು ನಿಮಿಷದ ಆಟಕ್ಕೆ ಇಳಿಯಬೇಡಿ, ಅಲ್ಲಿ ಗೆಲ್ಲುವುದು ಬೆರಳಿನ ವೇಗ. ಒಂದು ನಡೆಗೆ ಒಂದೆರಡು ದಿನ ಸಮಯವಿರುವ ಆಟವೂ ಅಲ್ಲಿದೆ, ಅದು ಈ ವಯಸ್ಸಿಗೆ ಹೇಳಿ ಮಾಡಿಸಿದ್ದು.

ಮನೆಯೊಳಗೇ ಕೂತು ಮಾಡುವಂಥದ್ದು ಬೇಕೆಂದರೆ ಹಳೆಯ ಫೋಟೋಗಳನ್ನು ಡಿಜಿಟಲ್ ಮಾಡಿ. ಸ್ಕ್ಯಾನರಿನಲ್ಲಿ ಡಿಪಿಐ ಎಂದು ಇರುತ್ತದೆ, ಒಂದು ಇಂಚಿನಲ್ಲಿ ಎಷ್ಟು ಚುಕ್ಕಿ ಎಂಬ ಲೆಕ್ಕ. ಅದೇ ಅಳತೆಗೆ ಮತ್ತೆ ಮುದ್ರಿಸಲು 300 ಸಾಕು, ಸಣ್ಣ ಫೋಟೋ ದೊಡ್ಡದು ಮಾಡಬೇಕಿದ್ದರೆ 600. ಫೋಟೋ ಹಿಂದೆ ಬಾಲ್ ಪೆನ್ನಿನಲ್ಲಿ ಬರೆಯಬೇಡಿ, ಅಚ್ಚು ಮುಂದಕ್ಕೆ ಮೂಡುತ್ತದೆ. ಮೆತ್ತನೆಯ ಪೆನ್ಸಿಲ್ ಬಳಸಿ. ಸ್ಕ್ಯಾನ್ ಮಾಡಿದ ಫೈಲುಗಳದ್ದು ಒಟ್ಟು ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಸಾಧನಗಳಲ್ಲಿ, ಅದರಲ್ಲಿ ಒಂದು ಮನೆಯ ಹೊರಗೆ ಇರಲಿ. ಫೋಟೋದಲ್ಲಿರುವವರ ಹೆಸರು ಗೊತ್ತಿರುವುದು ನಿಮ್ಮೊಬ್ಬರಿಗೇ ಆಗಿರಬಹುದು. ಹಾಗಾಗಿ ಸ್ಕ್ಯಾನಿಗಿಂತ ಮೊದಲು ಹೆಸರು ಬರೆಯಿರಿ.

ನಾಣ್ಯ ಸಂಗ್ರಹದ ಬಗ್ಗೆ ಒಂದೇ ಮಾತು: ನಾಣ್ಯವನ್ನು ತಿಕ್ಕಿ ತೊಳೆಯಬೇಡಿ, ಬೆಲೆ ಇಳಿಯುತ್ತದೆ. "ಇದು ಹೂಡಿಕೆ, ಬೆಲೆ ಎರಡರಷ್ಟಾಗುತ್ತದೆ" ಎಂದು ಫೋನ್ ಮಾಡುವವರನ್ನು ಅಲ್ಲೇ ಬಿಡಿ.

ಹಂತ 4: ಸಾಮಾನು ಕಡಿಮೆ ಕೊಳ್ಳಿ, ತಡವಾಗಿ ಕೊಳ್ಳಿ

ಗಂಡಸರು ಎಡವುವುದು ಹೆಚ್ಚಾಗಿ ಇಲ್ಲೇ. ಹವ್ಯಾಸ ಶುರುವಾಗುವ ಮೊದಲೇ ಸಾಮಾನಿನ ವಿಮರ್ಶೆ ನೋಡುವುದು ಶುರುವಾಗುತ್ತದೆ. ಕೊಳ್ಳುವ ಖುಷಿಯನ್ನೇ ಮಾಡುವ ಖುಷಿ ಅಂದುಕೊಳ್ಳುತ್ತೇವೆ. ಮೊದಲ ತಿಂಗಳು ಎರವಲು ತನ್ನಿ, ಹಳೆಯದನ್ನು ಕೊಳ್ಳಿ, ಇರುವುದರಲ್ಲೇ ಹೊಂದಿಸಿಕೊಳ್ಳಿ. ಛಾಯಾಗ್ರಹಣ ಆಸಕ್ತಿಯಾದರೆ ಜೇಬಿನಲ್ಲಿರುವ ಮೊಬೈಲೇ ಸಾಕು.

ಕೊಳ್ಳುವಾಗಲೂ ದೊಡ್ಡದೇ ಒಳ್ಳೆಯದು ಎನ್ನುವ ಲೆಕ್ಕ ಬೇಡ. ಬೈನಾಕ್ಯುಲರನ್ನೇ ನೋಡಿ. ಮೇಲೆ 8×42 ಎಂದು ಬರೆದಿದ್ದರೆ, 8 ಎಂದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ, 42 ಎಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರ್‌ಗಳಲ್ಲಿ. 42ನ್ನು 8ರಿಂದ ಭಾಗಿಸಿದರೆ ಸುಮಾರು 5. ಕಣ್ಣಿಗೆ ಬರುವ ಬೆಳಕಿನ ಕಂಬಿ ಅಷ್ಟು ಮಿಲಿಮೀಟರ್ ದಪ್ಪ. ಎಳೆಯರ ಕಣ್ಣಿನ ಪಾಪೆ ಕತ್ತಲಲ್ಲಿ 7 ಮಿಲಿಮೀಟರ್‌ವರೆಗೆ ಅರಳುತ್ತದೆ, ವಯಸ್ಸಾದವರದ್ದು ಅಷ್ಟು ಅರಳುವುದಿಲ್ಲ. ಹಾಗಾಗಿ 7×50ರಂಥ ಭಾರದ್ದು ತಂದರೆ ಬೆಳಕಿನ ಒಂದಷ್ಟು ಭಾಗ ಕಣ್ಣೊಳಗೆ ಹೋಗುವುದೇ ಇಲ್ಲ, ಕುತ್ತಿಗೆಗೆ ಮಾತ್ರ ಭಾರ. ಹತ್ತು ಪಟ್ಟಿನದ್ದು ತಂದರೆ ಕೈ ನಡುಕವೂ ಹತ್ತು ಪಟ್ಟು ಕಾಣುತ್ತದೆ. ಕನ್ನಡಕದವರು ಐ ರಿಲೀಫ್ ಕೇಳಿ ನೋಡಿ. ಕಣ್ಣಿನ ಕಡೆಯ ಗಾಜಿನಿಂದ ಕಣ್ಣು ಎಷ್ಟು ದೂರದವರೆಗೆ ಇದ್ದರೆ ಪೂರ್ತಿ ನೋಟ ಕಾಣುತ್ತದೆ ಎಂಬ ಅಳತೆ ಅದು, 15 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಇರಲಿ.

ಹಂತ 5: ಮೊದಲ ಮೂರು ತಿಂಗಳು

ದಿನಕ್ಕೆ 15ರಿಂದ 30 ನಿಮಿಷ, ಅದೇ ಹೊತ್ತು, ಅದೇ ಜಾಗ. ವಾದ್ಯ ಕಲಿಯುವವರಿಗಂತೂ ವಾರಕ್ಕೊಮ್ಮೆ ಎರಡು ಗಂಟೆಗಿಂತ ದಿನವೂ ಕಾಲು ಗಂಟೆ ಮೇಲು. 21 ದಿನದಲ್ಲಿ ಯಾವುದೇ ಅಭ್ಯಾಸ ಕೂರುತ್ತದೆ ಎಂದು ಎಲ್ಲೆಡೆ ಹೇಳುತ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಇದನ್ನು ಅಳೆದು 2009ರಲ್ಲಿ ಪ್ರಕಟಿಸಿದರು. ಸರಾಸರಿ 66 ದಿನ ಬೇಕಾಯಿತು, ಜನರಿಂದ ಜನರಿಗೆ 18ರಿಂದ 254 ದಿನದವರೆಗೆ ವ್ಯತ್ಯಾಸವಿತ್ತು. ಅದೂ ನೀರು ಕುಡಿಯುವಂಥ ಸಣ್ಣ ಸಂಗತಿಗಳಿಗೆ. ಆದ್ದರಿಂದ ಮೂರನೇ ವಾರದಲ್ಲಿ "ನನಗಿದು ಒಗ್ಗಲಿಲ್ಲ" ಎಂದು ತೀರ್ಪು ಕೊಡಬೇಡಿ. ಮಧ್ಯೆ ಒಂದು ದಿನ ತಪ್ಪಿದರೆ ಏನೂ ಮುಳುಗುವುದಿಲ್ಲ.

ಇನ್ನೊಂದು ಅಡ್ಡಿ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮೂವತ್ತು ನಲವತ್ತು ವರ್ಷ ನಿಮ್ಮ ಕೆಲಸದಲ್ಲಿ ನೀವು ತಿಳಿದವರಾಗಿದ್ದಿರಿ. ನಾಲ್ಕು ಜನ ನಿಮ್ಮನ್ನು ಕೇಳಿ ಮಾಡುತ್ತಿದ್ದರು. ಈಗ ಮಗನ ವಯಸ್ಸಿನ ಹುಡುಗನೊಬ್ಬ "ಅಂಕಲ್, ಬೆರಳು ಹಾಗಲ್ಲ, ಹೀಗೆ" ಎಂದು ತಿದ್ದುತ್ತಾನೆ. ಚುರ್ ಎನ್ನುತ್ತದೆ. ಆಗ ಎದ್ದುಬರುವವರು "ಮೇಷ್ಟ್ರು ಸರಿಯಿಲ್ಲ" ಎನ್ನುತ್ತಾರೆ. ಇದಕ್ಕೊಂದು ಸಣ್ಣ ಉಪಾಯ: ಮೊದಲ ತರಗತಿಗೇ "ನನಗೆ ಏನೂ ಬರುವುದಿಲ್ಲ, ನಿಧಾನವಾಗಿ ಹೇಳಿಕೊಡಿ" ಎಂದು ಹೇಳಿಬಿಡಿ. ಗೊತ್ತಿರುವವರಂತೆ ಇರಬೇಕಾದ ಭಾರ ಅಲ್ಲಿಗೇ ಇಳಿಯುತ್ತದೆ.

ಮಾಡಿದ್ದಕ್ಕೆಲ್ಲ ದಿನಾಂಕ ಹಾಕಿಡಿ, ಕೆಟ್ಟದ್ದನ್ನೂ ಎಸೆಯಬೇಡಿ. ಮೂರು ತಿಂಗಳ ನಂತರ ಮೊದಲ ಮೊಟ್ಟೆಯನ್ನೂ ಹತ್ತನೆಯದನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಮತ್ತೆ, "ಇಷ್ಟು ಚೆನ್ನಾಗಿದೆ, ಮಾರಬಹುದಲ್ಲ!" ಎನ್ನುವವರು ಮೊದಲ ವರ್ಷದೊಳಗೇ ಸಿಗುತ್ತಾರೆ. ನಕ್ಕು ಸುಮ್ಮನಾಗಿ. ಆರ್ಡರು ಬಂದ ಕೂಡಲೇ ಗಡುವು ಬರುತ್ತದೆ, ಗಡುವು ಬಂದ ಕೂಡಲೇ ಅದು ಮತ್ತೆ ಕೆಲಸವೇ.

ಹಂತ 6: ಜೊತೆ ಹುಡುಕಿ

ಗಂಡಸರ ಗೆಳೆತನ ಬಹುಪಾಲು ಕೆಲಸದ ಜಾಗಕ್ಕೇ ಅಂಟಿಕೊಂಡಿರುತ್ತದೆ, ಕೆಲಸದ ಜೊತೆ ಅದೂ ಹೋಗುತ್ತದೆ. ಹೊಸದಾಗಿ ಗೆಳೆತನ ಮಾಡಿ ಎಂದರೆ ಹೇಗೆ ಎಂದು ತಿಳಿಯುವುದಿಲ್ಲ. ಆಸ್ಟ್ರೇಲಿಯಾದಲ್ಲಿ 1990ರ ದಶಕದಲ್ಲಿ ಮೆನ್ಸ್ ಶೆಡ್ ಎಂಬ ಚಳವಳಿ ಶುರುವಾಯಿತು. ಒಂದು ಶೆಡ್ಡು, ಒಂದಷ್ಟು ಉಪಕರಣ, ಊರಿನ ಹಿರಿಯ ಗಂಡಸರು ಸೇರಿ ಏನಾದರೂ ರಿಪೇರಿ ಮಾಡುತ್ತಾರೆ. ಆಮೇಲೆ ಅದು ಐರ್ಲೆಂಡ್, ಬ್ರಿಟನ್ನಿಗೂ ಹಬ್ಬಿತು. ಅದರ ಹಿಂದಿನ ತಿಳಿವಳಿಕೆ ಸರಳ: ಎದುರುಬದುರು ಕೂರಿಸಿ "ಮನಸ್ಸಿನಲ್ಲಿರುವುದನ್ನು ಹೇಳಿ" ಎಂದರೆ ಗಂಡಸರು ಬಾಯಿ ಬಿಡುವುದಿಲ್ಲ, ಭುಜಕ್ಕೆ ಭುಜ ಕೊಟ್ಟು ಏನೋ ಮಾಡುತ್ತಿದ್ದಾಗ ಮಾತು ತಾನಾಗಿ ಬರುತ್ತದೆ.

ನಿಮ್ಮ ಸುತ್ತ ಅಂಥ ಶೆಡ್ ಇಲ್ಲದಿದ್ದರೆ ಒಬ್ಬರು ಸಾಕು. ವಾರದಲ್ಲಿ ಒಂದು ದಿನ, ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಇಬ್ಬರು ಸೇರಿ ಹಕ್ಕಿ ನೋಡಿ, ಇಬ್ಬರು ಸೇರಿ ಕೆತ್ತಿ. ಒಬ್ಬರು ಕಾಯುತ್ತಿದ್ದಾರೆ ಎಂದರೆ ಸೋಮಾರಿತನ ಬಂದ ದಿನವೂ ಚಪ್ಪಲಿ ಮೆಟ್ಟಿ ಹೊರಡುತ್ತೀರಿ. ವಾಟ್ಸಾಪ್ ಗುಂಪು ಮಾಡಿದರೆ ಭೇಟಿಯ ಸಮಯ ತಿಳಿಸಲು ಮಾತ್ರ ಬಳಸಿ. ಅಲ್ಲಿ ರಾಜಕೀಯ ಶುರುವಾದರೆ ಹಕ್ಕಿ ಹಾರಿಹೋಯಿತು ಎಂದೇ ಲೆಕ್ಕ.

ಹಂತ 7: ಮುಂದುವರಿಸುವುದಾ, ಬಿಡುವುದಾ?

ಮೂರು ತಿಂಗಳಾದ ಮೇಲೂ ಆ ಹೊತ್ತು ಬಂದಾಗ ಮನಸ್ಸು ಹಿಂಜರಿದರೆ ಬಿಟ್ಟುಬಿಡಿ. ಬಿಡುವ ಮೊದಲು ಹಂತ 1ರ ಪುಟ ತೆಗೆದು ನೋಡಿ. ಜನ ಬೇಕು ಎಂದು ಬರೆದುಕೊಂಡು ಒಬ್ಬರೇ ಮಾಡುವ ಹವ್ಯಾಸ ಆರಿಸಿರುತ್ತೀರಿ, ಅಥವಾ ಅದರ ತಿರುವುಮುರುವು. ಕೆಲವೊಮ್ಮೆ ಹವ್ಯಾಸ ಸರಿಯಿದ್ದು ಹೊತ್ತು ತಪ್ಪಾಗಿರುತ್ತದೆ, ಊಟವಾದ ಮೇಲಿನ ನಿದ್ದೆಗಣ್ಣಿನಲ್ಲಿ ಚಾಕು ಹಿಡಿದಂತೆ.

ಎರಡು ಹವ್ಯಾಸ ಒಟ್ಟಿಗೆ ಇಟ್ಟುಕೊಳ್ಳಬಹುದೇ ಎಂದೂ ಬಹಳ ಜನ ಕೇಳುತ್ತಾರೆ. ಇಟ್ಟುಕೊಳ್ಳಿ, ಒಂದು ಹೊರಗಿನದು, ಒಂದು ಒಳಗಿನದು. ಮಳೆ ಹಿಡಿದಾಗ, ಮಂಡಿ ನೋವು ಬಂದಾಗ ಒಳಗಿನದು ಕೈಹಿಡಿಯುತ್ತದೆ. ಆದರೆ ಎರಡನೆಯದನ್ನು ಮೊದಲನೆಯದರ ಮೂರು ತಿಂಗಳು ಮುಗಿದ ಮೇಲೆಯೇ ಶುರು ಮಾಡಿ, ಅದಕ್ಕೂ ಇದೇ ಹಂತ 1ರಿಂದ.